ಕಂದಾಯವೂ ಮತವೂ

ಸಾಮಾನ್ಯ ಪ್ರಜೆಯು ಸರ್ಕಾರವನ್ನು ಅರಿಯುವುದು ಬಹುಮಟ್ಟಿಗೆ ತಾನು ತೆರುವ ಕಂದಾಯದ ಮೂಲಕವೇ. ರಾಜಧಾನಿಯ ಕಾರ್ಯಕಲಾಪಗಳು ಅವನಿಗೆ ತಿಳಿಯದೆ ಹೋದರೂ ಹೋಗಬಹುದು. ಮನೆಯ ತೆರಿಗೆಯೋ ನಲ್ಲಿಯ ನೀರಿನ ದರವೋ ಏರಿತೆಂದರೆ ಆ ಸುದ್ದಿಯು ಅಡಿಗೆಯ ಮನೆಯವರೆಗೂ ಮುಟ್ಟುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಊರಾಡಳಿತದ ಚುನಾವಣೆಯ ಜೊತೆಗೆ ತೆರಿಗೆಯ ಮಾತೂ ಏಳುವುದು ಆಶ್ಚರ್ಯವಲ್ಲ. ಈ ಸೀಮೆಯಲ್ಲಿ ಆ ಮಾತಿಗೆ ಎರಡು ಶತಮಾನಗಳಷ್ಟು ಹಳೆಯ ಚರಿತ್ರೆಯುಂಟು.

ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ನಗರದ ಸೀಮೆಯ ರೈತರು ಕಂದಾಯದ ಭಾರದಿಂದ ಬಳಲಿದ್ದರು. ಆಗ 'ಶರ್ತು' ಎಂಬ ಪದ್ಧತಿಯೊಂದಿದ್ದಿತು. ಇಂತಿಷ್ಟು ಹಣವನ್ನು ಬೊಕ್ಕಸಕ್ಕೆ ಸಲ್ಲಿಸುವೆನೆಂದು ಅಮಲ್ದಾರನು ಮೊದಲೇ ಒಪ್ಪಿಕೊಳ್ಳಬೇಕು. ಕಡಿಮೆಬಿದ್ದರೆ ಅವನೇ ತುಂಬಿಕೊಡಬೇಕು. ಹೀಗಾಗಿ ಮಳೆಯಾಗಲಿ ಬೆಳೆಯಾಗಲಿ ಲೆಕ್ಕಕ್ಕೆ ಬರದೆ, ಒಪ್ಪಿದ ಮೊತ್ತವೇ ಮುಖ್ಯವಾಯಿತು. 1830ರಲ್ಲಿ ಈಗಿನ ಚನ್ನಗಿರಿ ತಾಲ್ಲೂಕಿಗೆ ಸೇರಿದ ಬಸವಾಪಟ್ಟಣದಲ್ಲಿ ರೈತರು ಕೂಟ ಸೇರಿ ತಮ್ಮ ಸಂಕಟವನ್ನು ಸಾರಿದರು. ಅಹವಾಲು ಕ್ರಮೇಣ ದಂಗೆಯಾಯಿತು. ಕೆಳದಿಯ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನಾಯಕನು ಅದಕ್ಕೆ ಮುಂದಾಳಾದನು. ತುಂಗಭದ್ರೆಯ ದಡದ ಹೊನ್ನಾಳಿಯು 1831ರಲ್ಲಿ ಕಾಳಗದ ಕಣವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಂಸ್ಥಾನದ ಆಡಳಿತವು ಅರಸರ ಕೈತಪ್ಪಿ ಇಂಗ್ಲಿಷರ ವಶವಾಯಿತು. ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿಯು 1833ರಲ್ಲಿ ವರದಿಯನ್ನು ಒಪ್ಪಿಸಿತು.

ಕಂದಾಯವನ್ನು ಗೊತ್ತುಮಾಡುವವರ ಮುಂದೆ ತೆರುವವನ ಮಾತಿಗೆ ನೆಲೆಯಿಲ್ಲದಿದ್ದುದರಿಂದಲೇ ಕೂಟವು ಕಾಳಗದಲ್ಲಿ ಕೊನೆಗೊಂಡಿತು. ಆ ನೆಲೆಯು ದೊರೆತದ್ದು ಬಹಳ ನಿಧಾನವಾಗಿ. 1862ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಮುನಿಸಿಪಲ್ ಸಮಿತಿಗಳು ಹುಟ್ಟಿದುವು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿ, ತಾಲ್ಲೂಕುಗಳ ಬೇಸಾಯಗಾರರೂ ವರ್ತಕರೂ ಸೇರಿದಂತೆ 144 ಮಂದಿಯನ್ನು ಮೈಸೂರಿಗೆ ಕರೆಯಿಸಿದರು. ಮುಂದೆ 1906ರ ಮುನಿಸಿಪಲ್ ರೆಗ್ಯುಲೇಷನ್ನೂ 1918ರ ಸ್ಥಳೀಯ ಬೋರ್ಡುಗಳ ರೆಗ್ಯುಲೇಷನ್ನೂ ಬಂದುವು. 1923ರಲ್ಲಿಯಂತೂ ಹೊಸ ತೆರಿಗೆಯನ್ನು ಹಾಕುವ ಮೊದಲು ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದೆಂಬ ನಿಯಮವಾಯಿತು. ಬಸವಾಪಟ್ಟಣದ ಕೂಟದವರಿಗೆ ಇಲ್ಲದಿದ್ದ ಹಕ್ಕು ಇದೇ.

ಆದರೆ ಆ ಕಾಲದ ಮತವು ಎಲ್ಲರ ಸೊತ್ತಾಗಿರಲಿಲ್ಲ. ಇಂತಿಷ್ಟು ಕಂದಾಯ ತೆರುವವನಿಗೆ, ಆಸ್ತಿವಂತನಿಗೆ, ಪದವೀಧರನಿಗೆ ಮಾತ್ರ ಅದು ಸಲ್ಲುತ್ತಿದ್ದಿತು. ಬಾಡಿಗೆಯ ಗುಡಿಸಿಲಲ್ಲಿದ್ದ ಕೂಲಿಗಾರನು ಸಂತೆಯ ಸಾಮಾನಿನ ಬೆಲೆಯಲ್ಲಿ ಸುಂಕವನ್ನು ತೆತ್ತರೂ ಮತದಾರನೆನಿಸಲಿಲ್ಲ. ಸ್ವಾತಂತ್ರ್ಯಾನಂತರವೇ ವಯಸ್ಕರೆಲ್ಲರಿಗೂ ಮತಾಧಿಕಾರವು ಬಂದಿತು. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪಟ್ಟಣದ ಸಭೆಗಳಿಗೆ ಐದು ವರ್ಷಗಳ ಅವಧಿಯನ್ನೂ, ಸ್ತ್ರೀಯರಿಗೆ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದ ಸ್ಥಾನಗಳನ್ನೂ ಕಟ್ಟುನಿಟ್ಟುಮಾಡಿತು.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿಯು ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಜಿಲ್ಲೆ ಬದಲಾದರೂ ತೆರಿಗೆಯ ಚಿಂತೆ ಬದಲಾಗಲಿಲ್ಲ. 2002ರಿಂದ ಪಟ್ಟಣಗಳ ಮನೆಯವರು ತಮ್ಮ ಆಸ್ತಿಯ ತೆರಿಗೆಯನ್ನು ತಾವೇ ಲೆಕ್ಕಹಾಕಿ ಘೋಷಿಸುವ ಕ್ರಮವು ಬಂದಿತು. ಈ ಲೆಕ್ಕಕ್ಕೆ ನಿವೇಶನದ ಮಾರ್ಗಸೂಚಿ ಬೆಲೆಯು ಆಧಾರವಾದುದರಿಂದ, ನೆಲದ ಬೆಲೆ ಏರಿದರೆ ತೆರಿಗೆಯೂ ಏರುತ್ತದೆ. ಪಿತ್ರಾರ್ಜಿತ ಮನೆಯಲ್ಲಿರುವ ನಿವೃತ್ತ ಉಪಾಧ್ಯಾಯನ ವರಮಾನವಾದರೋ ಅದರೊಡನೆ ಏರುವುದಿಲ್ಲ. ದರದ ಮೇರೆಗಳನ್ನು ಕಟ್ಟುವುದು ರಾಜ್ಯದ ಕಾನೂನು. ಆ ಮೇರೆಯೊಳಗೆ ನಿರ್ಣಯಿಸುವುದು ಊರಿನ ಸಭೆ. ಮತದಾರನ ಕೋಪವು ಮಾತ್ರ ಬಾಗಿಲಿಗೆ ಬರುವ ಸದಸ್ಯನ ಮೇಲೆಯೇ ಬೀಳುತ್ತದೆ.

ಆ ಕೋಪಕ್ಕೆ ಅಂಜಿ ತೆರಿಗೆಯನ್ನೇ ವಸೂಲುಮಾಡದ ಸಭೆಯು ಚರಂಡಿ, ದೀಪ, ಕುಡಿಯುವ ನೀರು ಎಲ್ಲಕ್ಕೂ ಸರ್ಕಾರದ ಅನುದಾನವನ್ನೇ ಕಾಯಬೇಕಾಗುತ್ತದೆ. ಮಳೆ ವಿರಳವಾದ ಜಗಳೂರಿನಂತಹ ಊರಿಗೆ ಈ ಕಾಯುವಿಕೆಯು ಸಣ್ಣ ಕಷ್ಟವಲ್ಲ. ಚುನಾವಣೆಯೇ ನಡೆಯದಿದ್ದರಂತೂ ಕೇಳತಕ್ಕವರೇ ಇಲ್ಲದಂತಾಗುತ್ತದೆ. ಕರ್ನಾಟಕದಲ್ಲಿ 2016ರಲ್ಲಿ ಆರಿಸಿಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿಯು 2021ರಲ್ಲಿ ಮುಗಿದ ಮೇಲೆ, ವರ್ಷಗಟ್ಟಲೆ ಹೊಸ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಕಾರ್ಯವನ್ನು ನಡೆಸಿದರು.

ತೆರಿಗೆ ಹೆಚ್ಚಾಯಿತೆಂಬ ದೂರು ಬಸವಾಪಟ್ಟಣದಷ್ಟು ಹಳೆಯದು. ಹೊಸದಾದುದು ಮತದ ಪೆಟ್ಟಿಗೆಯೊಂದೇ. ದರವನ್ನು ಇಳಿಸುವೆನೆಂಬವನಿಗೆ ಮತವಿತ್ತು ಸುಮ್ಮನಾಗುವುದಕ್ಕಿಂತ, ತೆತ್ತ ಹಣವು ಯಾವ ಬೀದಿಗೆ, ಯಾವ ಕೊಳಾಯಿಗೆ ವೆಚ್ಚವಾಯಿತೆಂದು ವರ್ಷವರ್ಷವೂ ಕೇಳುವುದೇ ಆ ಪೆಟ್ಟಿಗೆಯ ಸಾರ್ಥಕವಾದ ಉಪಯೋಗ. ಕಂದಾಯ ತೆರುವುದು ಕರ್ತವ್ಯವಾದರೆ ಲೆಕ್ಕ ಕೇಳುವುದೂ ಕರ್ತವ್ಯವೇ.