ಟ್ಯೂಲಿಪ್ ಗೆಡ್ಡೆಯ ಬೆಲೆ

ಹಾಲೆಂಡ್ ದೇಶದ ಹೆಸರನ್ನೆತ್ತಿದೊಡನೆ ಟ್ಯೂಲಿಪ್ ಹೂವು ನೆನಪಿಗೆ ಬರುವುದಾದರೂ ಆ ಹೂವಿನ ತವರು ಹಾಲೆಂಡಲ್ಲ. ಚಳಿಗಾಲದಲ್ಲಿ ಹಿಮ ಮುಸುಕುವ, ಬೇಸಗೆಯಲ್ಲಿ ನೀರು ಬತ್ತುವ ಮಧ್ಯ ಏಷ್ಯದ ಪರ್ವತಗಳ ತಪ್ಪಲಿನಲ್ಲಿ ಅದು ಕಾಡುಹೂವಾಗಿ ಬೆಳೆದುದು. ತುರ್ಕರು ಅದನ್ನು ತಮ್ಮ ಉದ್ಯಾನಗಳಿಗೆ ತಂದು ಪೋಷಿಸಿದರು. ಹದಿನಾರನೆಯ ಶತಮಾನದ ನಡುವೆ ಅದು ಯೂರೋಪ್ ಖಂಡವನ್ನು ಹೊಕ್ಕಿತು. 1559ರಲ್ಲಿ ಆಗ್ಸ್‌ಬರ್ಗ್ ನಗರದ ತೋಟವೊಂದರಲ್ಲಿ ಅರಳಿದ್ದ ಟ್ಯೂಲಿಪ್ಪನ್ನು ಕಾನ್ರಾಡ್ ಗೆಸ್ನರನೆಂಬ ವಿದ್ವಾಂಸನು ಕಂಡು ವರ್ಣಿಸಿದನು. 1593ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನಕ್ಕೆ ಅಧಿಕಾರಿಯಾಗಿ ಬಂದ ಕರೋಲಸ್ ಕ್ಲೂಸಿಯಸನು ನೆಡಿಸಿದ ಗೆಡ್ಡೆಗಳು ಮರುವರ್ಷದ ವಸಂತದಲ್ಲಿ ಹೂಬಿಟ್ಟುವು.

ಈ ಹೂವು ಮುಂದೆ ಜನರ ಮನಸ್ಸನ್ನು ಕೆಡಿಸಿದ ಬಗೆಯನ್ನು ಅರಿಯಬೇಕಾದರೆ ಅದರ ಗೆಡ್ಡೆಯ ಬಾಳನ್ನು ಮೊದಲು ಅರಿಯಬೇಕು. ಈರುಳ್ಳಿಯಂತೆಯೇ ಟ್ಯೂಲಿಪ್ ಗೆಡ್ಡೆಯೂ ಪದರಪದರವಾಗಿರುವುದು. ಆ ಪದರಗಳೆಲ್ಲವೂ ಆಹಾರದ ಕಣಜಗಳು. ಶರತ್ಕಾಲದಲ್ಲಿ ನೆಟ್ಟ ಗೆಡ್ಡೆಯು ಚಳಿಗಾಲಕ್ಕೆ ಮುನ್ನವೇ ಬೇರೂರುವುದು. ಅನಂತರ ಹಲವು ವಾರಗಳ ಶೈತ್ಯವು ಅದಕ್ಕೆ ಅತ್ಯವಶ್ಯಕ. ಆ ಚಳಿ ತಾಕದಿದ್ದರೆ ಹೂವಿನ ಕಾಂಡವು ಸರಿಯಾಗಿ ನೀಳವಾಗದು. ವಸಂತದಲ್ಲಿ ಅರಳುವ ಹೂವಾದರೋ ಆಗ ಹುಟ್ಟಿದುದಲ್ಲ. ಹಿಂದಿನ ಬೇಸಗೆಯಲ್ಲಿ ಗೆಡ್ಡೆಯು ಒಣಗಿ ನಿದ್ರಿಸುತ್ತಿರುವಂತೆ ತೋರುತ್ತಿದ್ದಾಗಲೇ ಅದರ ಒಡಲಲ್ಲಿ ಮೊಗ್ಗು ರೂಪುಗೊಂಡಿರುತ್ತದೆ. ಹೂಬಿಡುವ ಶ್ರಮದಲ್ಲಿ ತಾಯಿಗೆಡ್ಡೆಯು ಸವೆದುಹೋಗುತ್ತದೆ. ಅದರ ಸ್ಥಾನದಲ್ಲಿ ಮರಿಗೆಡ್ಡೆಗಳು ಬೆಳೆದು ನಿಲ್ಲುತ್ತವೆ. ಆದುದರಿಂದಲೇ ಬೆಳೆಗಾರರು ಹೂವನ್ನು ಬೇಗನೆ ಚಿವುಟಿ ಎಲೆಗಳನ್ನು ಮಾತ್ರ ಉಳಿಸುವರು. ಎಲೆಗಳು ಸಂಪಾದಿಸಿದ ಆಹಾರವೆಲ್ಲವೂ ಆಗ ಮರಿಗಳಿಗೆ ಸೇರುವುದು. ಸಣ್ಣ ಮರಿಯೊಂದು ಹೂಬಿಡುವಷ್ಟಾಗಲು ಒಂದರಿಂದ ಮೂರು ವರ್ಷ, ಬೀಜದಿಂದ ಬೆಳೆಸಿದರೆ ಐದರಿಂದ ಏಳು ವರ್ಷ ಬೇಕು.

ಇಷ್ಟು ನಿಧಾನವಾಗಿ ಹೆಚ್ಚುವ ವಸ್ತುವಿಗೆ ಬೇಡಿಕೆಯು ಒಮ್ಮೆಲೇ ಏರಿದರೆ ಆಗುವುದೇನೆಂಬುದನ್ನು 1636–37ರ ಚಳಿಗಾಲವು ತೋರಿಸಿತು. ಬಿಳಿಯ ದಳದ ಮೇಲೆ ಕೆಂಪು ಅಥವಾ ನೇರಿಳೆಯ ಜ್ವಾಲೆಗಳಂತಹ ಗೆರೆಗಳುಳ್ಳ ಹೂಗಳಿಗೆ ಧನಿಕರು ಮರುಳಾಗಿದ್ದರು. ಗೆಡ್ಡೆಗಳನ್ನು ಬೇಸಗೆಯಲ್ಲಲ್ಲದೆ ನೆಲದಿಂದ ತೆಗೆಯುವಂತಿರಲಿಲ್ಲ. ಆದರೆ ವರ್ತಕರಿಗೆ ಕಾಯುವ ತಾಳ್ಮೆಯಿರಲಿಲ್ಲ. ಅವರು ಪಾನಗೃಹಗಳಲ್ಲಿ ಕುಳಿತು, ಮಣ್ಣಿನೊಳಗಿದ್ದ ಗೆಡ್ಡೆಗಳನ್ನು ಕಾಗದದ ಮೇಲೆಯೇ ಕೊಂಡರು, ಮಾರಿದರು. ಡಚ್ಚರು ಇದಕ್ಕೆ ಗಾಳಿಯ ವ್ಯಾಪಾರವೆಂದು ಹೆಸರಿಟ್ಟರು.

ಆಲ್ಕ್‌ಮಾರ್ ನಗರದಲ್ಲಿ ವೌಟರ್ ವಿಂಕೆಲನೆಂಬ ಪಾನಗೃಹದೊಡೆಯನು ತೀರಿಕೊಂಡು ಅವನ ಮಕ್ಕಳು ಅನಾಥರಾಗಿದ್ದರು. ಅವರ ಹಿತಕ್ಕಾಗಿ 1637ರ ಫೆಬ್ರವರಿ 5ರಂದು ಅವನ ಗೆಡ್ಡೆಗಳನ್ನು ಹರಾಜು ಹಾಕಿದಾಗ ಸುಮಾರು 90,000 ಗಿಲ್ಡರುಗಳು ಕೂಡಿದುವು. ವೈಸ್‌ರಾಯ್ ಎಂಬ ಜಾತಿಯ ಒಂದೇ ಗೆಡ್ಡೆಗೆ 4,203 ಗಿಲ್ಡರುಗಳನ್ನು ಕೂಗಿದರು. ಒಬ್ಬ ನುರಿತ ಕುಶಲಕರ್ಮಿಯ ವರ್ಷದ ಸಂಪಾದನೆಯು ಆಗ ಸುಮಾರು 300 ಗಿಲ್ಡರು. ಆದರೆ ಅಷ್ಟರಲ್ಲೇ, ಆ ವಾರದ ಮೊದಲಲ್ಲಿ, ಹಾರ್ಲೆಮ್ ನಗರದಲ್ಲಿ ಕೊಳ್ಳುವವರು ಹಿಂಜರಿಯತೊಡಗಿದ್ದರು. ಕೆಲವೇ ದಿನಗಳಲ್ಲಿ ಬೆಲೆಗಳು ಕುಸಿದುವು. ದೇಶವೇ ದಿವಾಳಿಯೆದ್ದಿತೆಂಬ ಪ್ರತೀತಿ ಬಹುಕಾಲ ನಡೆದುಬಂದಿತಾದರೂ, ಇತ್ತೀಚಿನ ಇತಿಹಾಸಕಾರರು ದಾಖಲೆಗಳನ್ನು ಶೋಧಿಸಿ, ನಿಜವಾಗಿ ಹಾಳಾದವರು ಕೆಲವರೇ ಎಂದು ತೋರಿಸಿರುವರು. ಹಣಕ್ಕಿಂತ ಹೆಚ್ಚಾಗಿ ನಷ್ಟವಾದುದು ಮಾತಿನ ಮೇಲಿನ ನಂಬಿಕೆ.

ಹೀಗೆ ಮರುಳುಗೊಳಿಸಿದ ಆ ಜ್ವಾಲೆಗಳ ರಹಸ್ಯವು ಸುಮಾರು ಮೂರು ಶತಮಾನಗಳ ತರುವಾಯ ಬಯಲಾಯಿತು. ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯ ಡಾರೊತಿ ಕೇಲಿ ಎಂಬ ವಿದುಷಿಯು 1928ರಲ್ಲಿ, ಗೆರೆಯುಳ್ಳ ಹೂವಿನ ಗೆಡ್ಡೆಯ ತುಣುಕನ್ನು ಆರೋಗ್ಯವಾದ ಗೆಡ್ಡೆಗೆ ಕಸಿಮಾಡಿದರೆ ಅದರ ಹೂವಿನಲ್ಲಿಯೂ ಗೆರೆಗಳು ಮೂಡುವುವೆಂದು ಪ್ರಕಟಿಸಿದಳು. ಅದು ಒಂದು ರೋಗ! ಅತಿಸೂಕ್ಷ್ಮವಾದ ವೈರಸ್ಸೊಂದು, ಸಸ್ಯಹೇನುಗಳ ಮೂಲಕ ಗಿಡದಿಂದ ಗಿಡಕ್ಕೆ ಹರಡಿ, ದಳಗಳ ಬಣ್ಣವನ್ನು ಒಡೆಯುತ್ತಿದ್ದಿತು. ರೋಗಗ್ರಸ್ತವಾದ ಗೆಡ್ಡೆಯು ಬಲಗುಂದಿ ಮರಿಗಳನ್ನು ಕಡಿಮೆಯಾಗಿ ಕೊಡುತ್ತಿದ್ದುದರಿಂದಲೇ ಅಂತಹ ಹೂಗಳು ವಿರಳವಾಗಿದ್ದುವು, ವಿರಳವಾಗಿದ್ದುದರಿಂದಲೇ ಬೆಲೆಯೇರಿದುವು. ಸೌಂದರ್ಯಕ್ಕೆಂದು ಹಣ ತೆತ್ತವರು ವ್ಯಾಧಿಗೂ ಹಣ ತೆತ್ತಿದ್ದರು.

ಇದೇ ಗೆಡ್ಡೆಯ ನಿಜವಾದ ಬೆಲೆಯನ್ನು ಹಾಲೆಂಡು ಮತ್ತೊಮ್ಮೆ ಅರಿಯಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ, 1944ರ ಸೆಪ್ಟೆಂಬರಿನಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಲು, ದೇಶವನ್ನಾಕ್ರಮಿಸಿದ್ದ ಜರ್ಮನರು ಪಶ್ಚಿಮ ಪ್ರಾಂತಗಳಿಗೆ ಆಹಾರ ಸಾಗುವುದನ್ನು ತಡೆದರು. ಕಾಲುವೆಗಳು ಹೆಪ್ಪುಗಟ್ಟಿದುವು; ಉರುವಲು ಮುಗಿಯಿತು. ಆ ಚಳಿಗಾಲದಲ್ಲಿ ಹಸಿವಿನಿಂದ ಸುಮಾರು 20,000 ಜನರು ಮಡಿದರು. ಆಗ ನೆಡದೆ ಉಳಿದಿದ್ದ ಟ್ಯೂಲಿಪ್ ಗೆಡ್ಡೆಗಳನ್ನು ಜನರು ತಿಂದರು. ನಡುವಣ ಹಳದಿಯ ಮೊಳಕೆಯು ಹಾನಿಕರವಾದುದರಿಂದ ಅದನ್ನು ತೆಗೆದುಹಾಕಿ, ಉಳಿದುದನ್ನು ಬೇಯಿಸಿ ಗಂಜಿಮಾಡಿದರು. ಒಣಗಿಸಿ ಹಿಟ್ಟು ಮಾಡಿ ರೊಟ್ಟಿ ತಟ್ಟಿದರು. ಮುಂಬರುವ ಹೂವಿಗೆಂದು ಗೆಡ್ಡೆಯು ಕೂಡಿಟ್ಟಿದ್ದ ಪಿಷ್ಟವು ಮನುಷ್ಯರ ಜೀವವನ್ನು ವಸಂತದವರೆಗೆ ಹಿಡಿದಿಟ್ಟಿತು.

1637ರಲ್ಲಿ ಆ ದೇಶದವರು ಗೆಡ್ಡೆಯನ್ನು ಕಣ್ಣಾರೆ ಕಾಣದೆ, ಮನೆಯ ಬೆಲೆಯನ್ನು ತೆತ್ತು ಕೊಂಡರು. 1945ರಲ್ಲಿ ಅವರ ಸಂತತಿಯವರು ಅದನ್ನೇ ಸಿಪ್ಪೆ ಸುಲಿದು, ಒಲೆಯ ಮೇಲಿಟ್ಟು, ಮಕ್ಕಳಿಗೆ ಹಂಚಿದರು.