ಸೂಪಶಾಸ್ತ್ರಗಳೂ ಬನ್ನೂರು ಕುರಿಯೂ

ನಂಜನಗೂಡು ತಾಲ್ಲೂಕಿನಲ್ಲಿ ಚಿಕ್ಕಯ್ಯನಛತ್ರವೆಂಬುದು ಒಂದು ಹೋಬಳಿ. ಊರಿನ ಹೆಸರೇ ದಾರಿಗರಿಗೆ ಅನ್ನವಿಕ್ಕುವ ಛತ್ರವನ್ನು ನೆನಪಿಗೆ ತರುತ್ತದೆ. ಛತ್ರದ ಅನ್ನವು ಧರ್ಮಕಾರ್ಯವಾದುದರಿಂದ ಅದಕ್ಕೆ ದತ್ತಿಯುಂಟು, ಶಾಸನವುಂಟು, ಲೆಕ್ಕಪತ್ರವುಂಟು. ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಅಡಕವಾಗಿವೆ. ದೇವರ ನೈವೇದ್ಯಕ್ಕೂ ಬ್ರಾಹ್ಮಣರ ಭೋಜನಕ್ಕೂ ಬಿಟ್ಟ ಭೂಮಿಯ ವಿವರಗಳು ಇಂತಹ ಶಾಸನಗಳಲ್ಲಿ ಹೇರಳವಾಗಿ ದೊರೆಯುವುವು. ಆದರೆ ಅದೇ ಊರುಗಳ ಒಕ್ಕಲಮನೆಯ ಒಲೆಯ ಮೇಲೆ ಹಬ್ಬದ ದಿನ ಏನು ಬೇಯುತ್ತಿದ್ದಿತೆಂಬುದನ್ನು ಯಾವ ಶಿಲೆಯೂ ಹೇಳುವುದಿಲ್ಲ. ಕುರಿ ಶಾಸನಗಳಲ್ಲಿ ಬರುವುದುಂಟು; ಆದರೆ ತೆರಿಗೆಯ ವಸ್ತುವಾಗಿ ಬರುವುದೇ ಹೊರತು ಅಡಿಗೆಯ ವಸ್ತುವಾಗಿ ಅಲ್ಲ. ಈ ಮೌನದ ಕಾರಣವನ್ನೂ, ಅದನ್ನು ಮೀರಿ ಕುರಿಯ ಮಾಂಸದ ಮನೆಯಡಿಗೆಯ ಚರಿತ್ರೆಯನ್ನು ತಿಳಿಯಲು ಉಳಿದಿರುವ ಆಧಾರಗಳನ್ನೂ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಗ್ರಂಥಗಳನ್ನು ನೋಡೋಣ. ಕನ್ನಡದಲ್ಲಿ ಪಾಕಶಾಸ್ತ್ರವನ್ನು ಹೇಳುವ ಗ್ರಂಥಗಳಿಗೆ ಕೊರತೆಯಿಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವಾಸ್ತು, ವೈದ್ಯ, ಜಲಶೋಧನೆ ಮೊದಲಾದ ವಿಷಯಗಳೊಡನೆ ಸೂಪಶಾಸ್ತ್ರಕ್ಕೂ ಎಡೆ ದೊರೆತಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಸ್ವತಂತ್ರ ಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದನು. ಕೆಳದಿಯ ಬಸವಪ್ಪ ನಾಯಕನು ೧೭೦೯ರಲ್ಲಿ ಮುಗಿಸಿದ ಸಂಸ್ಕೃತದ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಪ್ರಕರಣವಿದೆ. ಈ ಮೂರರಲ್ಲಿಯೂ ಭಕ್ಷ್ಯ, ಪಾನಕ, ಶಾಕ, ಕ್ಷೀರಪಾಕಗಳ ಸೊಗಸಾದ ವರ್ಣನೆಯಿರುವುದೇ ಹೊರತು ಮಾಂಸಪಾಕವಿಲ್ಲ. ಮಂಗರಸನು ಜೈನ, ಬಸವಪ್ಪ ನಾಯಕನು ವೀರಶೈವ. ಅವರ ಧರ್ಮಕ್ಕೆ ಒಪ್ಪದುದು ಅವರ ಗ್ರಂಥದಲ್ಲಿ ಬಾರದಿದ್ದುದು ಸಹಜವೇ ಸರಿ.

ಕಾವ್ಯಗಳ ಧೋರಣೆಯೂ ಇದಕ್ಕೆ ಭಿನ್ನವಲ್ಲ. ಜನ್ನನು ೧೨೦೯ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪಮಾತ್ರದಿಂದಲೇ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲುವರು. ವಚನಕಾರರಲ್ಲಿ ಬಲಿಗೆ ತಂದ ಕುರಿಯು ಮರಣವನ್ನರಿಯದೆ ಮೇಯುವ ಜೀವಿಗೆ ದೃಷ್ಟಾಂತವಾಗಿ ನಿಂತಿತು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಬಡವರ ರಾಗಿಗೆ ಭತ್ತದ ಎದುರು ಜಯವನ್ನು ಕೊಡಿಸಿದರು. ಹೀಗೆ ರಾಗಿಗೆ ಕವಿಯೊಬ್ಬನು ದೊರೆತನು. ಆ ರಾಗಿಯ ಮುದ್ದೆಯ ಪಕ್ಕದಲ್ಲಿ ಹಬ್ಬದ ದಿನ ಬಡಿಸುವ ಸಾರಿಗೆ ಅಂತಹ ಕವಿ ದೊರೆಯಲಿಲ್ಲ. ಇದನ್ನು ನೋಡಿ ಮಾಂಸಪಾಕವು ಕನ್ನಡನಾಡಿನ ಸಂಸ್ಕೃತಿಯಲ್ಲಿ ಹೊರಗಿನದೆಂದು ಕೆಲವರು ಭಾವಿಸುವುದುಂಟು. ಗ್ರಂಥದ ಮೌನವನ್ನು ವಸ್ತುವಿನ ಅಭಾವವೆಂದು ತಿಳಿಯುವ ಈ ತಪ್ಪನ್ನು ನಾವು ಮಾಡಬಾರದು.

ಏಕೆಂದರೆ ಇದೇ ನಾಡಿನ ಚಕ್ರವರ್ತಿಯೊಬ್ಬನು ಇದನ್ನು ಕುರಿತು ಸಂಕೋಚವಿಲ್ಲದೆ ಬರೆದಿರುವನು. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ಯ ಕಾಲವು ಶಕ ೧೦೫೧, ಎಂದರೆ ಕ್ರಿ. ಶ. ೧೧೨೯. ಐದು ವಿಂಶತಿಗಳುಳ್ಳ ಈ ಸಂಸ್ಕೃತ ಗ್ರಂಥದ ಮೂರನೆಯ ವಿಂಶತಿಯಲ್ಲಿ ‘ಅನ್ನಭೋಗ’ವೆಂಬ ಪ್ರಕರಣವಿದೆ. ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ೧೯೩೯ರಲ್ಲಿ ಹೊರಬಂದ ಎರಡನೆಯ ಸಂಪುಟದಿಂದ ಈ ಭಾಗವು ವಿದ್ವಾಂಸರಿಗೆ ಸುಲಭವಾಗಿ ದೊರೆಯುವಂತಾಯಿತು. ಅಲ್ಲಿ ಅನ್ನ, ಸೂಪ, ಭಕ್ಷ್ಯಗಳ ಜತೆಯಲ್ಲಿಯೇ ಮಾಂಸದ ಪಾಕಗಳೂ ಕ್ರಮವಾಗಿ ಹೇಳಲ್ಪಟ್ಟಿವೆ. ಮಾಂಸದ ತುಂಡುಗಳನ್ನು ಶಲಾಕೆಗೆ ಪೋಣಿಸಿ ಕೆಂಡದ ಮೇಲೆ ಸುಡುವ ಭಡಿತ್ರಕ, ಕರುಳಿನಲ್ಲಿ ಹೂರಣವನ್ನು ತುಂಬಿ ಬೇಯಿಸುವ ಮಂಡಲೀಯ, ಕಾಳುತರಕಾರಿಗಳನ್ನು ಕೂಡಿಸಿ ಮಾಡುವ ಕವಚಂದಿ ಮೊದಲಾದುವು ಹೆಸರಾಂತವು. ಇವುಗಳಲ್ಲಿ ಪ್ರಾಣಿಯ ಯಾವ ಅಂಗವೂ ವ್ಯರ್ಥವಾಗುವುದಿಲ್ಲವೆಂಬುದನ್ನು ಗಮನಿಸಬೇಕು.

ನಮ್ಮ ವಿಷಯಕ್ಕೆ ಮುಖ್ಯವಾದುದು ಪಾಕಗಳ ಹೆಸರಿಗಿಂತ ಹೆಚ್ಚಾಗಿ ರುಚಿಯನ್ನು ಹೊರಪಡಿಸುವ ಕ್ರಮ. ಇಂಗಿನ ನೀರು, ಉಪ್ಪು, ಹುಳಿ, ಶುಂಠಿ, ಕೊತ್ತುಂಬರಿ, ಜೀರಿಗೆ, ಮೆಣಸು — ಇವು ಸೋಮೇಶ್ವರನ ಉಪಕರಣಗಳು. ಇಲ್ಲಿ ‘ಮೆಣಸು’ ಎಂದರೆ ಕರಿಮೆಣಸೇ. ಮೆಣಸಿನಕಾಯಿಯು ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರ ಆಗಮನದ ತರುವಾಯ, ಹದಿನಾರನೆಯ ಶತಮಾನದಲ್ಲಿ, ನಮ್ಮ ದೇಶಕ್ಕೆ ಬಂದುದು. ಬಂದ ಗಿಡವು ಹಳೆಯ ಹೆಸರನ್ನೇ ಕಸಿದುಕೊಂಡು ‘ಮೆಣಸಿನಕಾಯಿ’ಯಾಯಿತು, ನಿಜವಾದ ಮೆಣಸು ‘ಕರಿ’, ‘ಕಾಳು’ ಎಂಬ ವಿಶೇಷಣಗಳನ್ನು ಹೊತ್ತು ನಿಲ್ಲಬೇಕಾಯಿತು. ಆದುದರಿಂದ ಇಂದು ನಾವು ಕಾಣುವ ಕೆಂಪು ಖಾರದ ಸಾರು ಚಾಲುಕ್ಯರ ಕಾಲದ್ದಾಗಿರಲಾರದು. ಆದರೂ ಶುಂಠಿ, ಕೊತ್ತುಂಬರಿ, ಜೀರಿಗೆ, ಮೆಣಸುಗಳ ತಳಹದಿಯು ಅಳಿದಿಲ್ಲ. ಬಾಣಂತಿಯರಿಗೂ ನೆಗಡಿಯಾದವರಿಗೂ ಮಾಡಿಕೊಡುವ ಕಾಲಿನ ಸಾರಿನಲ್ಲಿ ಇಂದಿಗೂ ಕರಿಮೆಣಸೇ ಪ್ರಧಾನವಾಗಿರುವುದು ಹಳೆಯ ಪದರವೊಂದರ ಉಳಿಕೆಯೆಂದು ಊಹಿಸಬಹುದಾಗಿದೆ.

ಈಗ ಗ್ರಂಥದಿಂದ ನೆಲಕ್ಕೆ ಇಳಿಯೋಣ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಕುರಿಗೆ ಹೆಸರುವಾಸಿ. ಈ ತಳಿಯ ಮೂಲಸ್ಥಾನವು ಮಳವಳ್ಳಿ ತಾಲ್ಲೂಕಿನ ಪ್ರದೇಶ. ಅಲ್ಲಿಯ ಬಂಡೂರೆಂಬ ಗ್ರಾಮದಿಂದ ‘ಬಂಡೂರು ಕುರಿ’ಯೆಂದೂ, ಬನ್ನೂರಿನಿಂದ ‘ಬನ್ನೂರು ಕುರಿ’ಯೆಂದೂ, ಪಶುವಿಜ್ಞಾನಿಗಳ ಪಟ್ಟಿಯಲ್ಲಿ ‘ಮಂಡ್ಯ ತಳಿ’ಯೆಂದೂ ಮೂರು ಹೆಸರುಗಳು ಬಳಕೆಯಲ್ಲಿವೆ. ಗಿಡ್ಡ ಕಾಲು, ದುಂಡಾದ ಮೈ, ಬಿಳಿಯ ಬಣ್ಣ, ಕೆಲವು ಕುರಿಗಳಿಗೆ ಮುಖದ ಮೇಲೆ ತೆಳುಗಂದು ಮಚ್ಚೆ. ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ. ಹಿಂದಿನಿಂದ ನೋಡಿದರೆ ತೊಡೆಗಳು ತಲೆಕೆಳಗಾದ ಲಾಳದಂತೆ ಕಾಣುವುವು. ಬೆಳೆದ ಟಗರು ಸುಮಾರು ೩೫ ಕಿಲೋಗ್ರಾಂ ತೂಗುವುದು. ಉಣ್ಣೆ ಒರಟಾದುದರಿಂದ ಈ ತಳಿಯ ಕೀರ್ತಿಯೆಲ್ಲವೂ ಮಾಂಸದ ಮೇಲೆ ನಿಂತಿದೆ. ತೊಗಲಿನ ಕೆಳಗೆ ದಪ್ಪನಾಗಿ ಶೇಖರವಾಗದೆ ಮಾಂಸದ ಎಳೆಗಳ ನಡುವೆ ಹರಡಿಕೊಂಡಿರುವ ಕೊಬ್ಬೇ ಅದರ ಮೃದುತ್ವಕ್ಕೆ ಕಾರಣವೆಂದು ಹೇಳುವರು. ಹಳೆಗನ್ನಡದ ‘ನೆಣ’ವೆಂಬ ಪದವನ್ನು ಇಲ್ಲಿ ನೆನೆಯಬಹುದು.

ಕುರಿಯ ಮಾಂಸಕ್ಕೆ ವಿಶಿಷ್ಟವಾದ ವಾಸನೆಯು ಬಹುಮಟ್ಟಿಗೆ ಅದರ ಕೊಬ್ಬಿನಲ್ಲಿದೆಯೆಂದು ಆಧುನಿಕ ರಸಾಯನಶಾಸ್ತ್ರವು ತೋರಿಸಿಕೊಟ್ಟಿದೆ. ಮರಿಯಲ್ಲಿ ಈ ವಾಸನೆ ಮೆಲುವು, ಎಳೆ ಮೃದು. ವಯಸ್ಸಾದಂತೆ ವಾಸನೆಯೂ ಬಿರುಸೂ ಏರುವುವು. ಈ ತತ್ತ್ವವನ್ನು ಮೈಸೂರು ಸೀಮೆಯ ಗೃಹಿಣಿಯು ಪುಸ್ತಕವಿಲ್ಲದೆಯೇ ಬಲ್ಲಳು. ಅವಳು ಮಾಂಸವನ್ನು ನೇರವಾಗಿ ನೀರಿಗೆ ಹಾಕುವುದಿಲ್ಲ. ಮೊದಲು ಈರುಳ್ಳಿ, ಅರಿಸಿನ, ಉಪ್ಪುಗಳೊಡನೆ ಪಾತ್ರೆಯಲ್ಲಿ ಬಾಡಿಸುವಳು. ಮಾಂಸವು ತನ್ನ ನೀರನ್ನು ತಾನೇ ಬಿಡುವುದು. ಆ ನೀರು ಇಂಗಿ, ಕೊಬ್ಬು ಕರಗಿ, ತುಂಡು ಕೆಂಪೇರುವವರೆಗೂ ಕಾಯುವಳು. ನೀರಿರುವಷ್ಟು ಹೊತ್ತು ಪಾತ್ರೆಯ ಶಾಖವು ಕುದಿಯುವ ಮಟ್ಟವನ್ನು ಮೀರಲಾರದು; ನೀರು ಇಂಗಿದ ಮೇಲೆಯೇ ಶಾಖವೇರಿ ಹುರಿದ ಪರಿಮಳವು ಹುಟ್ಟಲು ಸಾಧ್ಯ. ಬಳಿಕ ಬಿಸಿನೀರನ್ನು ಹೊಯ್ದು ಮೂಳೆಸಹಿತವಾಗಿ ನಿಧಾನವಾಗಿ ಬೇಯಿಸುವಳು. ಮೂಳೆಯ ಸುತ್ತಲಿನ ಗಟ್ಟಿಯಾದ ನಾರು ಬಹುಹೊತ್ತಿನ ಹದವಾದ ಕಾವಿನಲ್ಲಿ ಅಂಟಾಗಿ ಕರಗಿ ರಸಕ್ಕೆ ಮೈಯನ್ನು ಕೊಡುವುದು. ತೆಂಗಿನಕಾಯಿ, ಗಸಗಸೆ, ಕೊತ್ತುಂಬರಿಬೀಜ, ಚಕ್ಕೆ, ಲವಂಗ, ಒಣಮೆಣಸಿನಕಾಯಿಗಳನ್ನು ಅರೆದ ಖಾರವು ಕಡೆಯಲ್ಲಿ ಸೇರುವುದು. ತಲೆಕಾಲನ್ನು ಬೆಂಕಿಯಲ್ಲಿ ಸುಟ್ಟು ಕೂದಲನ್ನು ಹೆರೆದು ಬೇರೆ ಸಾರನ್ನೂ, ಕರುಳಿನಿಂದ ಬೋಟಿಯ ಗೊಜ್ಜನ್ನೂ, ಕೊಚ್ಚಿದ ಮಾಂಸದಿಂದ ಕೈಮದ ಉಂಡೆಯನ್ನೂ ಮಾಡುವರು. ಅವರೆಯ ಕಾಲದಲ್ಲಿ ಕಾಳು ಮಾಂಸದೊಡನೆ ಬೇಯುವುದು. ಕಾಳು ಮಾಂಸಗಳ ಈ ಕೂಟವೂ, ಒಂದು ಅಂಗವನ್ನೂ ಬಿಡದ ಮಿತವ್ಯಯವೂ ‘ಅನ್ನಭೋಗ’ದ ಓದುಗರಿಗೆ ಅಪರಿಚಿತವೆನಿಸವು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವುದಕ್ಕೆ ಆಧಾರ ಸಾಲದು. ಅರಮನೆಯೂ ಹಟ್ಟಿಯೂ ಒಂದೇ ಜ್ಞಾನವನ್ನು ಹಂಚಿಕೊಂಡಿದ್ದುವೆಂದು ಹೇಳುವುದಕ್ಕೆ ಅಡ್ಡಿಯಿಲ್ಲ.

ಭಾಷೆಯು ಕೊಡುವ ಸಾಕ್ಷ್ಯವು ಇನ್ನೂ ಸ್ವಾರಸ್ಯವಾದುದು. ಹಳೆಗನ್ನಡದಲ್ಲಿ ಮಾಂಸಕ್ಕೆ ‘ಅಡಗು’ ಎಂಬ ಪದವಿದ್ದಿತು. ಅದು ಆಡುಮಾತಿನಿಂದ ಮರೆಯಾಗಿ, ಮೈಸೂರು ಸೀಮೆಯಲ್ಲಿ ಈಗ ‘ಬಾಡು’ ಎಂಬುದೇ ಮನೆಮಾತು. ‘ಬಾಡೂಟ’ವೆಂದರೆ ಮಾಂಸದ ಔತಣ. ‘ಬಾಡು’ ಎಂಬ ಕ್ರಿಯಾಪದಕ್ಕೆ ಒಣಗು, ಸೊರಗು ಎಂದರ್ಥ. ತಮಿಳಿನಲ್ಲಿ ಇದಕ್ಕೆ ಸಂವಾದಿಯಾದುದು ‘ವಾಡು’. ಪ್ರಾಚೀನ ತಮಿಳಿನ ‘ವಾಡೂನ್’ ಎಂಬ ಪದಕ್ಕೆ ಒಣಗಿಸಿದ ಮಾಂಸವೆಂದರ್ಥವಿದೆ. ಇದನ್ನು ಕೂಡಿಸಿ ನೋಡಿದರೆ ನಮ್ಮ ‘ಬಾಡು’ ಎಂಬುದು ಮೊದಲಲ್ಲಿ ಒಣಗಿಸಿಟ್ಟ ಮಾಂಸಕ್ಕೆ ಹೆಸರಾಗಿದ್ದು, ಬರಬರುತ್ತ ಮಾಂಸಮಾತ್ರಕ್ಕೆ ಸಲ್ಲುವಂತಾಯಿತೆ ಎಂಬ ಪ್ರಶ್ನೆ ಏಳುತ್ತದೆ. ಮಾಂಸವನ್ನು ಸೀಳಿ ಉಪ್ಪು ಅರಿಸಿನಗಳನ್ನು ಸವರಿ ಬಿಸಿಲಿನಲ್ಲಿ ಒಣಗಿಸುವ ‘ಉಪ್ಪುಕಂಡ’ದ ರೂಢಿಯು ಈ ಊಹೆಗೆ ಸ್ವಲ್ಪ ಬಲವನ್ನು ಕೊಡುತ್ತದೆ. ಇದು ಊಹೆಯೇ; ಶಾಸನ ಕಾವ್ಯಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ವಿದ್ವಾಂಸರು ಇದನ್ನು ಪರೀಕ್ಷಿಸಬೇಕು. ನಿಜವಾದ ಪಕ್ಷದಲ್ಲಿ, ಗ್ರಂಥಕರ್ತರು ಬರೆಯದೆ ಬಿಟ್ಟ ಒಂದು ಪದ್ಧತಿಯನ್ನು ಭಾಷೆಯು ಒಂದೇ ಪದದಲ್ಲಿ ಕಾಪಾಡಿಕೊಂಡು ಬಂದಂತಾಗುವುದು.

ಮಾಂಸದ ಹಂಚಿಕೆಯ ಕ್ರಮವೂ ಚರಿತ್ರೆಗೆ ಸೇರಿದುದೇ. ಯುಗಾದಿಯ ದಿನ ಬೇವುಬೆಲ್ಲ, ಒಬ್ಬಟ್ಟು, ಮರುದಿನ ಹೊಸತೊಡಕು. ಆ ದಿನಕ್ಕಾಗಿ ಊರಿನವರು ಕೂಡಿ ಹಣವನ್ನು ಹಾಕಿ ಕುರಿಗಳನ್ನು ಕೊಂಡು, ಕೊಯ್ದು, ಮಾಂಸವನ್ನು ಸಮನಾದ ಗುಡ್ಡೆಗಳನ್ನಾಗಿ ಮಾಡಿ ಹಂಚಿಕೊಳ್ಳುವರು. ಪ್ರತಿಯೊಂದು ಗುಡ್ಡೆಯಲ್ಲಿಯೂ ತೊಡೆಯ ತುಂಡಿನೊಡನೆ ಮೂಳೆ, ಈಲಿ, ಕರುಳುಗಳ ಪಾಲು ಬರುವುದು. ಎಲ್ಲ ಅಂಗಗಳೂ ಒಂದೇ ಪಾತ್ರೆಯಲ್ಲಿ ಬೇಯುವುದರಿಂದ ಹುಟ್ಟುವ ರುಚಿಗೆ ಈ ನ್ಯಾಯವಾದ ಹಂಚಿಕೆಯೇ ಮೂಲ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆಯು ಐದು ದಿನ ನಡೆಯುವುದು. ಅದರ ಪಂಕ್ತಿಸೇವೆಯ ದಿನ ಭಕ್ತರು ಬಿಡಾರಗಳಲ್ಲಿ ಮಾಂಸದಡಿಗೆಯನ್ನು ಮಾಡಿ, ಜಾತಿಭೇದವೆಣಿಸದೆ ಸಾಲಾಗಿ ಕುಳಿತು ಉಣ್ಣುವ ಸಂಪ್ರದಾಯವಿದೆ. ೧೯೫೯ರ ಪ್ರಾಣಿಬಲಿ ನಿಷೇಧದ ಕಾನೂನನ್ನು ಅನುಸರಿಸಿ ಇಲ್ಲಿ ಆಕ್ಷೇಪಗಳೆದ್ದಾಗ, ಇದು ಬಲಿಯಲ್ಲ, ಸಹಭೋಜನವೆಂದು ಭಕ್ತರ ಪಕ್ಷದವರು ವಾದಿಸಿದರು. ವಾದದ ಕಾನೂನುಬದ್ಧತೆಯನ್ನು ವಿಮರ್ಶಿಸುವುದು ಈ ಲೇಖನದ ವ್ಯಾಪ್ತಿಗೆ ಹೊರಗು. ಆದರೆ ‘ಪಂಕ್ತಿ’ಯೆಂಬ ಪದವನ್ನು ಗಮನಿಸಿ. ಛತ್ರಗಳ ಪಂಕ್ತಿಯು ಯಾರು ಯಾರೊಡನೆ ಕೂಡಬಾರದೆಂಬುದನ್ನು ಗೊತ್ತುಮಾಡುತ್ತಿದ್ದಿತು. ಈ ಪಂಕ್ತಿಯು ಎಲ್ಲರನ್ನೂ ಕೂಡಿಸುತ್ತದೆ.

ಇದಿಷ್ಟರಿಂದ ಮೂರು ಸಂಗತಿಗಳು ಸ್ಪಷ್ಟವಾಗುವುವು. ಕನ್ನಡ ಸೂಪಶಾಸ್ತ್ರಗಳ ಮೌನವು ಕರ್ತೃಗಳ ಧರ್ಮನಿಷ್ಠೆಯನ್ನು ತಿಳಿಸುವುದೇ ಹೊರತು ನಾಡಿನ ಸಮಗ್ರ ಆಹಾರವನ್ನಲ್ಲ. ‘ಮಾನಸೋಲ್ಲಾಸ’ವು ಅರಮನೆಯ ಒಂದು ಕಾಲದ ಚಿತ್ರವನ್ನು ಕೊಡುವುದು. ಉಳಿದುದೆಲ್ಲವೂ ಪದಗಳಲ್ಲಿ, ಹಬ್ಬಗಳಲ್ಲಿ, ಹೆಂಗಸರ ಕೈಯ ಹದದಲ್ಲಿ ಉಳಿದುಬಂದಿದೆ.

ಈ ಮೂರನೆಯ ಆಧಾರವು ಬೇಗ ಸವೆಯುತ್ತಿದೆ. ಬೇರೆ ತಳಿಗಳೊಡನೆ ಬೆರೆತು ಶುದ್ಧ ಬನ್ನೂರು ಕುರಿಯು ವಿರಳವಾಗುತ್ತಿದೆ. ಒತ್ತಡದ ಪಾತ್ರೆಯು ಬಂದ ಮೇಲೆ ‘ಬಾಡಿಸುವ’ ತಾಳ್ಮೆಯು ಕಡಿಮೆಯಾಗಿದೆ. ಅಂಗಡಿಯ ಪುಡಿಯು ಒರಳುಕಲ್ಲಿನ ಎಡೆಗೆ ಬಂದಿದೆ. ಮಂಗರಸನ ಷಟ್ಪದಿಗಳು ಓಲೆಯ ಮೇಲಿದ್ದುದರಿಂದ ಶತಮಾನಗಳನ್ನು ದಾಟಿ ಅಚ್ಚಾದುವು. ನಂಜನಗೂಡು ನರಸೀಪುರಗಳ ಅಜ್ಜಿಯರ ಪಾಕಕ್ರಮಕ್ಕೆ ಓಲೆಯಿಲ್ಲ. ನಮ್ಮ ಸಾಹಿತ್ಯದ ಅಧ್ಯಾಪಕರು ತಮ್ಮ ಶಿಷ್ಯರನ್ನು ಹಸ್ತಪ್ರತಿಯ ಪಾಠಾಂತರಗಳನ್ನು ಗುರುತಿಸಲು ಕಳುಹಿಸುವಂತೆಯೇ, ಒಮ್ಮೆ ಅವರವರ ಮನೆಯ ಒಲೆಯ ಬಳಿಗೂ ಕಳುಹಿಸಬೇಕು. ತುಂಡಿನ ಹೆಸರು, ಹದದ ಹೆಸರು, ಪಾತ್ರೆಯ ಹೆಸರು — ಇವುಗಳನ್ನು ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳುವುದು ಕರ್ತವ್ಯ. ಛತ್ರದ ಅನ್ನವನ್ನು ಬರೆದಿಟ್ಟ ನಾಡು ಮನೆಯ ಅನ್ನವನ್ನೂ ಬರೆದಿಡುವುದು ಉಚಿತವಾಗಿದೆ.