ಅಪ್ಪನ ತೊಗಲಿನ ಪಟ್ಟಿ

ಹೋದ ತಿಂಗಳು ಕ್ಷೌರಕ್ಕೆ ಒಂದು ಹೊಸ ಕತ್ತಿ ತಗೊಂಡೆ. ಬ್ಲೇಡ್ ಹಾಕೋದಲ್ಲ, ಹಳೇ ಕಾಲದ ಮಡಚುವ ಕತ್ತಿ. ಮಸೆಯೋಕೆ ಅಪ್ಪನ ತೊಗಲಿನ ಪಟ್ಟಿಯನ್ನ ಗೋಡೆ ಮೊಳೆಗೆ ನೇತುಹಾಕಿದೆ. ಮೊದಲ ದಿನವೇ ಪಟ್ಟಿ ಕೊಯ್ದೆ, ಗದ್ದಾನೂ ಕೊಯ್ಕೊಂಡೆ.

"ಬೆನ್ನು ಮುಂದ್ಕೆ, ಬಾಯಿ ಹಿಂದ್ಕೆ ಕಣ್ಲಾ. ತಿರುಗಿಸುವಾಗ ಬೆನ್ನ ಮೇಲೆ ಹೊರಳಿಸು. ಒತ್ತಬೇಡ" ಅಂತ ಅಪ್ಪ ಗದರಿದ.

ನನಗಿದು ಶೋಕಿ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ಊರಿನ ಕ್ಷೌರಿಕ ನಮ್ಮ ಕೇರಿಯವರನ್ನ ಮುಟ್ಟುತ್ತಿರಲಿಲ್ಲ. ಮುಟ್ಟಿದ್ದರೆ ಮೇಲ್ಜಾತಿಯವರು ಅವನಿಗೂ ಬಾಗಿಲು ಹಾಕ್ತಿದ್ರು.

ಇದು ನಮ್ಮೂರೊಂದರ ಕತೆಯಲ್ಲ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಾಬಾಸಾಹೇಬರು ಸಾತಾರದ ಬಾಲ್ಯ ನೆನೆಯುತ್ತಾರೆ. ಅಲ್ಲಿ ಕ್ಷೌರಿಕರಿದ್ದರು, ಕೊಡೋಕೆ ಇವರ ಹತ್ರ ದುಡ್ಡೂ ಇತ್ತು. ಆದರೂ ಕೂದಲು ಕತ್ತರಿಸುತ್ತಿದ್ದದ್ದು ಮನೆಯ ಅಕ್ಕ.

1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 'ಅಂಗಡಿ' ಅಂದರೇನು ಎಂದು ವಿವರಿಸುವಾಗ ಕ್ಷೌರದಂಗಡಿಯನ್ನು ಹೆಸರಿಟ್ಟೇ ಸೇರಿಸಿತು. ಅದಾಗಿ ಇಪ್ಪತ್ತು ವರ್ಷದ ಮೇಲೆ ನಮ್ಮಪ್ಪ ತನ್ನ ಗದ್ದ ತಾನೇ ಹೆರೆಯೋದು ಕಲಿತ.

ಪಟ್ಟಿ ಎಲ್ಲಿಂದ ಬಂತು ಅಂತ ಕೇಳಿದೆ. ಅಜ್ಜ ಹದ ಮಾಡಿದ ತೊಗಲಂತೆ. ಅದೇ ತೊಗಲಿನ ಇನ್ನೊಂದು ತುಂಡು ಊರ ಕ್ಷೌರಿಕನ ಮನೆಯಲ್ಲಿತ್ತಂತೆ. ಕತ್ತಿ ಹರಿತವಾಗೋಕೆ ನಮ್ಮ ತೊಗಲು ಬೇಕಿತ್ತು. ಅದನ್ನ ಹದ ಮಾಡಿದವನ ಕೆನ್ನೆ ಮಾತ್ರ ಮೈಲಿಗೆ!

ಗೆಳೆಯರೇ, ನಿಮ್ಮೂರಿನ ಕ್ಷೌರದಂಗಡಿ ಕುರ್ಚಿ ಇವತ್ತು ಎಲ್ಲರಿಗೂ ಸಿಗ್ತಿದೆಯಾ? ಊಹೆ ಮಾಡಬೇಡಿ, ಕೇರಿಯ ಹುಡುಗರನ್ನ ಕೇಳಿ.

ಜೈ ಭೀಮ್.